ತೈಲಶಬ್ದಾರ್ಥವಿಚಾರವೂ ರೋಸ್‌ಮರಿಯ ಬಾಷ್ಪತೈಲದ ಗುಣೋಪಯೋಗಗಳೂ

೧. ವಿಷಯಪ್ರಸ್ತಾವನೆ

ಶಬ್ದವೊಂದು ತನ್ನ ಹಳೆಯ ಅರ್ಥವನ್ನು ಬಿಡದೆಯೇ ಹೊಸ ವಸ್ತುವೊಂದಕ್ಕೆ ಹೆಸರಾಗಿ ನಿಂತಾಗ, ಅದರಿಂದ ಹುಟ್ಟುವ ಭ್ರಾಂತಿಯು ನಿಘಂಟುಕಾರರ ಚರ್ಚೆಗೆ ಮಾತ್ರ ಸೇರಿದುದಾಗಿ ಉಳಿಯುವುದಿಲ್ಲ. ಜನರ ದಿನದಿನದ ಬಳಕೆಯಲ್ಲಿಯೂ ತೊಡಕನ್ನು ತಂದೊಡ್ಡುತ್ತದೆ. ‘ತೈಲ’ ಎಂಬ ಶಬ್ದಕ್ಕೆ ಈಗ ಬಂದಿರುವ ಅವಸ್ಥೆ ಇಂಥದು. ಪೇಟೆಯ ಅಂಗಡಿಗಳಲ್ಲಿ ಹತ್ತು ಹದಿನೈದು ಮಿಲಿಲೀಟರ್ ಹಿಡಿಯುವ ಸಣ್ಣ ಸೀಸೆಗಳಲ್ಲಿ ‘ರೋಸ್‌ಮರಿ ತೈಲ’ವೆಂಬ ದ್ರವ್ಯವು ದೊರೆಯುತ್ತದೆ. ಅದು ಕೂದಲನ್ನು ಬೆಳೆಸುತ್ತದೆ, ನೋವನ್ನು ಕಳೆಯುತ್ತದೆ, ಸ್ಮರಣಶಕ್ತಿಯನ್ನು ಹೆಚ್ಚಿಸುತ್ತದೆ ಎಂದು ಹೊಗಳುವುದುಂಟು. ಕನ್ನಡಕ್ಕೆ ಬಂದಿರುವ ಬರಹಗಳಲ್ಲಿ ಇದೇ ಜಾತಿಯ ದ್ರವ್ಯಗಳನ್ನು ‘ಅಗತ್ಯ ತೈಲ’ಗಳೆಂದೂ ‘ಸಾರಭೂತ ತೈಲ’ಗಳೆಂದೂ ಕರೆದಿರುವುದನ್ನು ವಾಚಕರು ಕಂಡಿರಬಹುದು.

ಕೃಷ್ಣರಾಜಪೇಟೆ ತಾಲ್ಲೂಕಿನ ಸಂತೆಬಾಚಹಳ್ಳಿಯಂತಹ ಹೋಬಳಿಯ ಊರುಗಳಲ್ಲಿ ಎಣ್ಣೆಯೆಂದರೆ ಅಂಗೈಯಲ್ಲಿ ಸುರಿದುಕೊಂಡು ನೆತ್ತಿಗೆ ತಟ್ಟುವ ವಸ್ತು, ಒಗ್ಗರಣೆಗೆ ಹಾಕುವ ವಸ್ತು, ದೇವರ ಮುಂದೆ ಉರಿಸುವ ವಸ್ತು. ಸೀಸೆಯ ಮೇಲೆ ‘ತೈಲ’ವೆಂದು ಬರೆದಿರುವುದನ್ನು ಕಂಡವರು ಅದನ್ನೂ ಹಾಗೆಯೇ ಬಳಸಲು ಮನಸ್ಸು ಮಾಡಿದರೆ ತಪ್ಪು ಅವರದಲ್ಲ, ಹೆಸರಿನದು. ಆದುದರಿಂದ ತೈಲವೆಂಬ ಶಬ್ದದ ಅರ್ಥವ್ಯಾಪ್ತಿ ಎಷ್ಟು, ರೋಸ್‌ಮರಿಯಿಂದ ದೊರೆಯುವ ದ್ರವ್ಯ ಯಾವ ಜಾತಿಯದು, ಅದರ ಗುಣಗಳೆಂದು ಹೇಳುವುವುಗಳಲ್ಲಿ ಪ್ರಮಾಣಸಿದ್ಧವಾದುವು ಯಾವುವು, ಅದನ್ನು ಬಳಸುವ ಮಿತಿಯೇನು ಎಂಬಿವನ್ನು ವಿವೇಚಿಸುವುದೇ ಈ ಲೇಖನದ ಉದ್ದೇಶ.

೨. ಎಣ್ಣೆ ಮತ್ತು ತೈಲ

ಸಂಸ್ಕೃತದಲ್ಲಿ ತೈಲಶಬ್ದವು ತಿಲಶಬ್ದದಿಂದ ಹುಟ್ಟಿದುದು. ತಿಲದ ವಿಕಾರವೇ ತೈಲ; ಎಂದರೆ ಎಳ್ಳಿನಿಂದ ಬಂದ ಸ್ನೇಹದ್ರವ್ಯ. ಕನ್ನಡದ ‘ಎಣ್ಣೆ’ ಎಂಬುದರ ಕಥೆಯೂ ಇದೇ. ‘ಎಳ್’ ಎಂದರೆ ಎಳ್ಳು, ‘ನೆಯ್’ ಎಂದರೆ ಜಿಡ್ಡು. ಇವೆರಡೂ ಸೇರಿ ಎಣ್ಣೆಯಾಯಿತು. ತಮಿಳಿನ ‘ಎಣ್ಣೆಯ್’ ಎಂಬ ರೂಪವು ಈ ವ್ಯುತ್ಪತ್ತಿಯನ್ನು ಇನ್ನೂ ಸ್ಪಷ್ಟವಾಗಿ ಉಳಿಸಿಕೊಂಡಿದೆ. ಹೀಗೆ ಬೇರೆ ಬೇರೆ ಕುಲದ ಎರಡು ಭಾಷೆಗಳು ಒಂದೇ ವಸ್ತುವನ್ನು ಒಂದೇ ದೃಷ್ಟಿಯಿಂದ ನೋಡಿ ಹೆಸರಿಟ್ಟಿರುವುದು ಗಮನಿಸತಕ್ಕ ವಿಷಯ.

ಅನಂತರ ಎರಡು ಶಬ್ದಗಳ ಅರ್ಥವೂ ಹಿಗ್ಗಿತು. ಎಳ್ಳಿನ ಸಂಬಂಧವನ್ನು ಮರೆತು ಹರಳೆಣ್ಣೆ, ಕೊಬ್ಬರಿ ಎಣ್ಣೆ, ಹುಚ್ಚೆಳ್ಳೆಣ್ಣೆ, ಹೊಂಗೆ ಎಣ್ಣೆ ಎಂಬ ಮಾತುಗಳು ಹುಟ್ಟಿದುವು. ವ್ಯುತ್ಪತ್ತಿಯನ್ನೇ ಹಿಡಿದು ನಿಂತರೆ ‘ಎಳ್ಳೆಣ್ಣೆ’ ಎಂಬುದು ಪುನರುಕ್ತಿಯಾಗಬೇಕು. ಆದರೂ ರೂಢಿಯು ಅದನ್ನು ಒಪ್ಪಿದೆ. ಈ ಹಿಗ್ಗುವಿಕೆಯಲ್ಲಿ ದೋಷವಿಲ್ಲ. ಏಕೆಂದರೆ ಈ ವಸ್ತುಗಳೆಲ್ಲವೂ ಬೀಜದಿಂದಲೋ ತಿರುಳಿನಿಂದಲೋ ಗಾಣದಲ್ಲಿ ಹಿಂಡಿ ತೆಗೆದ ಜಿಡ್ಡುಗಳು. ಒಂದರ ಗುಣ ಮತ್ತೊಂದಕ್ಕಿಂತ ಭಿನ್ನವಾದರೂ ಜಾತಿ ಒಂದೇ. ಹೊಯ್ಸಳರ ಕಾಲದ ಶಾಸನಗಳಲ್ಲಿ ದೇವಾಲಯಗಳ ನಂದಾದೀವಿಗೆಗೆಂದು ಬಿಟ್ಟ ದತ್ತಿಗಳಲ್ಲಿ ಬರುವ ಎಣ್ಣೆಯು ಇಂತಹ ಗಾಣದ ಎಣ್ಣೆಯೇ. ಅದನ್ನು ಅಳೆಯುವುದು ಸೊಲ್ಲಿಗೆ, ಮಾನಗಳಿಂದ. ಕಿಕ್ಕೇರಿ, ಹೊಸಹೊಳಲು, ಗೋವಿಂದನಹಳ್ಳಿಗಳ ಹೊಯ್ಸಳ ದೇವಾಲಯಗಳನ್ನುಳ್ಳ ಈ ಸೀಮೆಯವರಿಗೆ ಈ ಮಾತು ಹೊಸದಲ್ಲ.

ಮೂರನೆಯ ಹಂತದಲ್ಲಿ ಈ ಶಬ್ದವು ಜಾತಿಯನ್ನೇ ದಾಟಿತು. ನೆಲದೊಳಗಿನಿಂದ ಬಂದ ದ್ರವವು ಸೀಮೆಎಣ್ಣೆಯಾಯಿತು. ಎಲೆಯನ್ನು ಕುದಿಸಿ ಆವಿಯಿಂದ ಪಡೆದ ದ್ರವವು ನೀಲಗಿರಿ ಎಣ್ಣೆಯಾಯಿತು. ಸೀಮೆಎಣ್ಣೆಯನ್ನು ತಲೆಗೆ ಹಚ್ಚಬಾರದೆಂಬುದನ್ನು ಅದರ ವಾಸನೆಯೇ ತಿಳಿಸುತ್ತದೆ. ನೀಲಗಿರಿ ಎಣ್ಣೆಯನ್ನು ನೆಗಡಿಯಾದಾಗ ವಸ್ತ್ರದ ತುದಿಗೆ ಒಂದೆರಡು ಹನಿ ಹಾಕಿಕೊಳ್ಳಬೇಕಲ್ಲದೆ ಮೈಗೆ ಸುರಿದುಕೊಳ್ಳಬಾರದೆಂಬುದು ಅನುಭವದಿಂದ ಗೊತ್ತಾಗಿದೆ. ಹೊಸದಾಗಿ ಬಂದ ರೋಸ್‌ಮರಿಗೆ ಅಂತಹ ಅನುಭವದ ಬೆಂಬಲ ನಮ್ಮಲ್ಲಿಲ್ಲ. ಮೇಲಾಗಿ ಅದನ್ನು ತಲೆಗೂದಲಿಗೆಂದೇ ಮಾರುವುದರಿಂದ ಕೊಬ್ಬರಿ ಎಣ್ಣೆಯ ಸಾಲಿಗೆ ಸೇರಿಸುವ ಸಂಭವ ಹೆಚ್ಚು.

೩. ಶಾಸ್ತ್ರೋಕ್ತ ತೈಲಪಾಕ ಮತ್ತು ಗಂಧಯುಕ್ತಿ

ವೈದ್ಯಶಾಸ್ತ್ರದಲ್ಲಿ ಮೂಲಿಕೆಯ ಹೆಸರಿನಿಂದ ಕರೆಯುವ ತೈಲಗಳು ಅನೇಕವಿವೆ. ಭೃಂಗರಾಜತೈಲವೆಂದರೆ ಗರುಗದ ಸೊಪ್ಪನ್ನು ಹಿಂಡಿದಾಗ ಬರುವ ಎಣ್ಣೆಯಲ್ಲ. ಗರುಗದ ರಸದೊಡನೆ ಪಾಕ ಮಾಡಿದ ಎಳ್ಳೆಣ್ಣೆ. ಶಾರ್ಙ್ಗಧರಸಂಹಿತೆಯಲ್ಲಿ ಹೇಳಿರುವ ಸಾಮಾನ್ಯ ನಿಯಮದಂತೆ ಕಲ್ಕವು ಒಂದು ಪಾಲು, ಸ್ನೇಹವು ಅದರ ನಾಲ್ಕರಷ್ಟು, ದ್ರವವು ಸ್ನೇಹದ ನಾಲ್ಕರಷ್ಟು ಇರಬೇಕು. ನೀರಿನ ಅಂಶವು ಪೂರ್ತಿಯಾಗಿ ಇಂಗುವವರೆಗೆ ಮಂದಾಗ್ನಿಯಲ್ಲಿ ಕಾಯಿಸಬೇಕು. ಇಲ್ಲಿ ಮೂಲಿಕೆಯು ಗುಣವನ್ನು ಕೊಡುತ್ತದೆ, ಎಣ್ಣೆಯು ಆ ಗುಣವನ್ನು ಹೊರುತ್ತದೆ. ಬಳಸುವವನ ಕೈಗೆ ಬರುವ ವಸ್ತುವು ಹಚ್ಚಿಕೊಳ್ಳಲು ಯೋಗ್ಯವಾದ ಪ್ರಮಾಣದಲ್ಲಿ ಮೊದಲೇ ಬೆರೆತು ಸಿದ್ಧವಾಗಿರುತ್ತದೆ.

ಗಂಧಯುಕ್ತಿಯ ಗ್ರಂಥಗಳಲ್ಲಿಯೂ ಇದೇ ಕ್ರಮ ಕಂಡುಬರುತ್ತದೆ. ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಗಂಧಯುಕ್ತಿಗೆಂದೇ ಒಂದು ಅಧ್ಯಾಯವಿದೆ. ನರೆತ ತಲೆಯವನಿಗೆ ಮಾಲೆ, ಗಂಧ, ವಸ್ತ್ರ, ಭೂಷಣಗಳು ಶೋಭಿಸುವುದಿಲ್ಲವಾದ್ದರಿಂದ ಕೇಶಸಂಸ್ಕಾರವನ್ನು ಮೊದಲು ಮಾಡಿಕೊಳ್ಳಬೇಕೆಂದು ಅದು ಪ್ರಾರಂಭವಾಗುತ್ತದೆ. ಮಂಜಿಷ್ಠ, ಚಕ್ಕೆ, ಕುಷ್ಠ ಮೊದಲಾದುವುಗಳ ಚೂರ್ಣವನ್ನು ಎಣ್ಣೆಯಲ್ಲಿ ಕಲಸಿ ಬಿಸಿಲಿನಲ್ಲಿ ಕಾಯಿಸಿದರೆ ಸಂಪಗೆಯ ಪರಿಮಳವುಳ್ಳ ತೈಲವಾಗುವುದೆಂದು ಅಲ್ಲಿ ಹೇಳಿದೆ. ಆ ಯೋಗದಲ್ಲಿ ಸಂಪಗೆಯ ಹೂವೇ ಇಲ್ಲವೆಂಬುದು ಸ್ವಾರಸ್ಯ. ಹದಿನಾರು ದ್ರವ್ಯಗಳಿಂದ ನಾಲ್ಕು ನಾಲ್ಕನ್ನು ಆರಿಸಿ ಬೇರೆ ಬೇರೆ ಪ್ರಮಾಣಗಳಲ್ಲಿ ಸೇರಿಸಿದರೆ ಒಂದು ಲಕ್ಷದ ಎಪ್ಪತ್ತನಾಲ್ಕು ಸಾವಿರದ ಏಳುನೂರ ಇಪ್ಪತ್ತು, ಎಂದರೆ ೧,೭೪,೭೨೦ ಗಂಧಗಳಾಗುತ್ತವೆಂಬ ಗಣಿತವೂ ಅದೇ ಅಧ್ಯಾಯದ್ದು.

ಕನ್ನಡದಲ್ಲಿ ಕ್ರಿ. ಶ. ೧೦೨೫ರ ಸುಮಾರಿನಲ್ಲಿ ಚಾಲುಕ್ಯ ಜಯಸಿಂಹನ ಆಶ್ರಯದಲ್ಲಿ ಚಾವುಂಡರಾಯನು ರಚಿಸಿದ ಲೋಕೋಪಕಾರದಲ್ಲಿ ವೃಕ್ಷಾಯುರ್ವೇದ, ಸೂಪಶಾಸ್ತ್ರಗಳ ಜೊತೆಗೆ ಗಂಧಯುಕ್ತಿಯೂ ಸೇರಿದೆ. ಮುಂದಿನ ಶತಮಾನದಲ್ಲಿ ಅದೇ ವಂಶದ ಮೂರನೆಯ ಸೋಮೇಶ್ವರನು ಮಾನಸೋಲ್ಲಾಸದಲ್ಲಿ ಸ್ನಾನ, ವಿಲೇಪನಗಳನ್ನು ರಾಜಭೋಗಗಳಲ್ಲಿ ಎಣಿಸಿ ವರ್ಣಿಸಿದನು. ಹೀಗೆ ಗಂಧವಿದ್ಯೆಯು ಕನ್ನಡ ನಾಡಿನಲ್ಲಿ ಆದರಕ್ಕೆ ಪಾತ್ರವಾಗಿದ್ದ ವಿದ್ಯೆ. ಆದರೆ ಇವುಗಳಲ್ಲಿ ಬರುವ ಸುಗಂಧತೈಲವು ಪರಿಮಳವನ್ನು ಹೀರಿದ ಎಳ್ಳೆಣ್ಣೆಯೇ ಹೊರತು ಈಗಿನ ಸೀಸೆಯ ದ್ರವ್ಯವಲ್ಲ. ಬಟ್ಟಿಯಿಳಿಸುವ ಕ್ರಮವು ರಸಶಾಸ್ತ್ರದವರಿಗೆ ತಿಳಿಯದ ವಿಷಯವಾಗಿರಲಿಲ್ಲ. ತಿರ್ಯಕ್ಪಾತನಾದಿ ಯಂತ್ರಗಳ ವಿವರವು ರಸಗ್ರಂಥಗಳಲ್ಲಿದೆ. ಆದರೂ ‘ತೈಲ’ವೆಂಬ ಹೆಸರು ವೈದ್ಯರಲ್ಲಿ ಪಾಕತೈಲಕ್ಕೇ ಮುಖ್ಯವಾಗಿ ಸಂದಿತು, ಬಟ್ಟಿಯಿಳಿಸಿದುದಕ್ಕೆ ‘ಅರ್ಕ’ವೆಂಬ ಬೇರೆ ಹೆಸರೇ ಬಳಕೆಯಾಯಿತು. ಹಿಂದಿನವರು ಎರಡನ್ನು ಎರಡು ಹೆಸರುಗಳಿಂದ ಕರೆದ ವಿವೇಕವನ್ನು ನಾವು ಬಿಟ್ಟುಕೊಡುವುದು ಉಚಿತವಲ್ಲ.

೪. ಸಸ್ಯಪರಿಚಯ

ರೋಸ್‌ಮರಿಯು ಮೆಡಿಟರೇನಿಯನ್ ಸಮುದ್ರದ ಸುತ್ತಣ ನಾಡುಗಳ ಪೊದೆ. ಲ್ಯಾಟಿನ್ ಭಾಷೆಯಲ್ಲಿ ‘ರೋಸ್’ ಎಂದರೆ ಇಬ್ಬನಿ, ‘ಮರೀನುಸ್’ ಎಂದರೆ ಸಮುದ್ರದ. ಆದುದರಿಂದ ಈ ಹೆಸರನ್ನು ‘ಸಮುದ್ರದ ಇಬ್ಬನಿ’ ಎಂದು ಅರ್ಥೈಸುತ್ತಾರೆ. ಗುಲಾಬಿಗೂ ಇದಕ್ಕೂ ಸಂಬಂಧವಿಲ್ಲ. ೧೭೫೩ರಲ್ಲಿ ಲಿನೇಯಸನು ಇದಕ್ಕೆ ರೋಸ್ಮರೀನುಸ್ ಅಫಿಷಿನಾಲಿಸ್ ಎಂಬ ಹೆಸರನ್ನು ಕೊಟ್ಟನು. ಇತ್ತೀಚೆಗೆ ಸಸ್ಯಶಾಸ್ತ್ರಜ್ಞರು ಇದನ್ನು ಸಾಲ್ವಿಯ ಎಂಬ ಗಣಕ್ಕೆ ಸೇರಿಸಿ ಸಾಲ್ವಿಯ ರೋಸ್ಮರೀನುಸ್ ಎಂದು ಕರೆಯುತ್ತಾರೆ. ಎಲೆಗಳು ಸೂಜಿಯಂತೆ ಕಿರಿದು, ಮೇಲ್ಭಾಗ ಕಡುಹಸಿರು, ಕೆಳಭಾಗ ಬೆಳ್ಳಗೆ, ಹೂವು ತಿಳಿನೀಲಿ. ಎಲೆಯನ್ನು ಉಜ್ಜಿದರೆ ಕರ್ಪೂರವನ್ನೂ ನೀಲಗಿರಿ ಎಣ್ಣೆಯನ್ನೂ ಒಟ್ಟಿಗೆ ನೆನಪಿಗೆ ತರುವ ವಾಸನೆ ಏಳುತ್ತದೆ.

ನಮ್ಮ ತುಳಸಿ, ಕಾಮಕಸ್ತೂರಿ, ದೊಡ್ಡಪತ್ರೆ, ಮರುಗ ಇವೆಲ್ಲವೂ ರೋಸ್‌ಮರಿಯ ಕುಟುಂಬಕ್ಕೇ ಸೇರಿದುವು. ದವನವು ಮಾತ್ರ ಸೇವಂತಿಗೆಯ ಕುಟುಂಬದ್ದು. ಅಮರಕೋಶದಲ್ಲಿ ಮರುಗಕ್ಕೆ ಮರುಬಕವೆಂಬುದರ ಜೊತೆಗೆ ಫಣಿಜ್ಝಕ, ಪ್ರಸ್ಥಪುಷ್ಪ, ಸಮೀರಣ ಎಂಬ ಹೆಸರುಗಳೂ ಬಂದಿವೆ. ಸಮೀರಣನೆಂದರೆ ಗಾಳಿ. ಮುಟ್ಟಿದ ಮಾತ್ರಕ್ಕೆ ಗಾಳಿಯಲ್ಲಿ ಹರಡುವ ಪರಿಮಳದ ಗಿಡಕ್ಕೆ ಗಾಳಿಯ ಹೆಸರು ಸಂದಿರುವುದು ಅರ್ಥಪೂರ್ಣವಾಗಿದೆ. ಈ ಪರಿಮಳದ ತೈಲವು ಆವಿಯಾಗಿ ಹಾರುವಂಥದೆಂಬ ವಿಷಯವನ್ನು ಆ ಒಂದು ಹೆಸರು ಸೂಚಿಸುವಂತಿದೆ.

ಬಂಧುತ್ವವಿದ್ದ ಮಾತ್ರಕ್ಕೆ ಅಭೇದವಾಗುವುದಿಲ್ಲ. ರೋಸ್‌ಮರಿಯು ನಮ್ಮ ನಿಘಂಟುಗಳ ಮರುಬಕವಲ್ಲ, ದಮನಕವೂ ಅಲ್ಲ. ಸಂಸ್ಕೃತದ ಧ್ವನಿ ಬರುವಂತೆ ಅದಕ್ಕೊಂದು ಹೆಸರನ್ನು ಕಟ್ಟಿ ಚರಕಸುಶ್ರುತರ ಪ್ರಾಮಾಣ್ಯವನ್ನು ಆರೋಪಿಸುವುದು ಶಾಸ್ತ್ರಕ್ಕೂ ಸಸ್ಯಕ್ಕೂ ಅನ್ಯಾಯ. ಸಾಹಿತ್ಯವನ್ನು ಬೋಧಿಸುವವರಿಗೂ ಈ ಎಚ್ಚರಿಕೆ ಬೇಕು. ಷೇಕ್ಸ್‌ಪಿಯರನ ಹ್ಯಾಮ್ಲೆಟ್ ನಾಟಕದಲ್ಲಿ ಬುದ್ಧಿಭ್ರಮಣೆಗೊಂಡ ಒಫೀಲಿಯಾ ರೋಸ್‌ಮರಿಯನ್ನು ನೆನಪಿನ ಗುರುತಾಗಿ ಕೊಡುತ್ತಾಳೆ. ಆ ನಾಡಿನಲ್ಲಿ ಮದುವೆಗೂ ಶವಸಂಸ್ಕಾರಕ್ಕೂ ಈ ಸೊಪ್ಪನ್ನು ಹಿಡಿಯುವ ರೂಢಿಯಿತ್ತು. ಅಲ್ಲಿ ಮರುಗವನ್ನೋ ದವನವನ್ನೋ ತಂದಿಟ್ಟರೆ ನಮಗೆ ಹಬ್ಬದ ಮಾಲೆಯ, ದವನದ ಹುಣ್ಣಿಮೆಯ ನೆನಪು ಬರುವುದೇ ಹೊರತು ಅಗಲಿದವರ ನೆನಪು ಬರುವುದಿಲ್ಲ. ಹೆಸರನ್ನು ಹಾಗೆಯೇ ಉಳಿಸಿ ಅರ್ಥವನ್ನು ವಿವರಿಸುವುದೇ ಲೇಸು.

ಭಾರತದಲ್ಲಿ ನೀಲಗಿರಿಯ ತಂಪು ಬೆಟ್ಟಗಳಲ್ಲಿ ರೋಸ್‌ಮರಿಯನ್ನು ಬೆಳೆಯುತ್ತಾರೆ. ೧೯೫೯ರಲ್ಲಿ ಸ್ಥಾಪಿತವಾದ, ಲಖನೌದಲ್ಲಿರುವ ಕೇಂದ್ರೀಯ ಔಷಧೀಯ ಮತ್ತು ಸುಗಂಧ ಸಸ್ಯ ಸಂಸ್ಥೆಯ ಸಂಶೋಧನಕೇಂದ್ರವೊಂದು ಬೆಂಗಳೂರಿನಲ್ಲಿದ್ದು, ಇಂತಹ ಸಸ್ಯಗಳ ಬೇಸಾಯವನ್ನು ಕುರಿತು ಕೆಲಸ ಮಾಡುತ್ತಿದೆ. ನೀರು ನಿಲ್ಲುವ ನೆಲದಲ್ಲಿ ಈ ಗಿಡದ ಬೇರು ಕೊಳೆಯುತ್ತದೆ. ಆದುದರಿಂದ ಕಾಲುವೆಯ ಕೆಳಗಣ ಭತ್ತದ ಗದ್ದೆಗೆ ಇದು ಒಗ್ಗುವುದಿಲ್ಲ. ಮರಳು ಬೆರೆತ, ನೀರು ಬಸಿಯುವ ಮಣ್ಣನ್ನು ಹಾಕಿದ ಕುಂಡದಲ್ಲಿ ಬಿಸಿಲಿಗಿಟ್ಟು ಬೆಳೆಸಬಹುದು.

೫. ತೈಲವನ್ನು ತೆಗೆಯುವ ಕ್ರಮ ಮತ್ತು ಅದರ ಘಟಕಗಳು

ರೋಸ್‌ಮರಿಯ ಎಲೆಯನ್ನು ಗಾಣಕ್ಕೆ ಹಾಕಿದರೆ ಎಣ್ಣೆ ಬರುವುದಿಲ್ಲ. ಎಲೆಯ ಮೇಲಣ ಅತಿಸೂಕ್ಷ್ಮವಾದ ಗ್ರಂಥಿಗಳಲ್ಲಿ ಅಡಗಿರುವ ಗಂಧದ್ರವ್ಯವನ್ನು ನೀರಿನ ಆವಿಯಿಂದ ಹೊರಡಿಸಬೇಕು. ಮುಚ್ಚಿದ ಪಾತ್ರೆಯಲ್ಲಿ ಸೊಪ್ಪನ್ನು ತುಂಬಿ ಕೆಳಗಿನಿಂದ ಆವಿಯನ್ನು ಹಾಯಿಸಿದರೆ, ಆವಿಯು ಗಂಧದ್ರವ್ಯವನ್ನು ಹೊತ್ತುಕೊಂಡು ಮೇಲೇರುತ್ತದೆ. ತಣ್ಣೀರಿನಲ್ಲಿ ಮುಳುಗಿಸಿದ ಕೊಳವೆಯ ಮೂಲಕ ಇಳಿದು ಮತ್ತೆ ದ್ರವವಾಗುತ್ತದೆ. ಆಗ ನೀರಿಗಿಂತ ಹಗುರವಾದ ತೈಲವು ಮೇಲೆ ತೇಲುತ್ತದೆ, ಕೆಳಗೆ ಉಳಿದ ನೀರು ಗಂಧೋದಕವಾಗುತ್ತದೆ. ಒಣಗಿಸಿದ ಎಲೆಯ ನೂರು ಪಾಲಿಗೆ ಸಾಮಾನ್ಯವಾಗಿ ಒಂದರಿಂದ ಎರಡು ಪಾಲು ತೈಲ ದೊರೆಯುತ್ತದೆ. ಈ ತೈಲದಲ್ಲಿ ಜಿಡ್ಡಿಲ್ಲ. ಕಾಗದದ ಮೇಲೆ ಒಂದು ಹನಿಯನ್ನು ಹಾಕಿಟ್ಟರೆ ಕ್ರಮೇಣ ಆರಿಹೋಗುತ್ತದೆ. ಕೊಬ್ಬರಿ ಎಣ್ಣೆಯ ಹನಿಯಾದರೋ ಕಲೆಯನ್ನು ಉಳಿಸುತ್ತದೆ. ಎರಡರ ಜಾತಿಭೇದಕ್ಕೆ ಇದಕ್ಕಿಂತ ಸುಲಭವಾದ ಪರೀಕ್ಷೆ ಬೇಕಿಲ್ಲ.

ಈ ತೈಲವು ಒಂದೇ ವಸ್ತುವಲ್ಲ. ಅನೇಕ ದ್ರವ್ಯಗಳ ಸಂಯೋಗ. ಅವುಗಳಲ್ಲಿ ಮುಖ್ಯವಾದುವು ಸಿನಿಯೋಲ್, ಪೈನೀನ್, ಕರ್ಪೂರ ಇವು ಮೂರು. ನೀಲಗಿರಿ ಎಣ್ಣೆಯಲ್ಲಿ ಪ್ರಧಾನವಾಗಿರುವುದೂ ಸಿನಿಯೋಲೇ. ಪೈನೀನ್ ಎಂಬುದು ದೇವದಾರು ಜಾತಿಯ ಮರಗಳ ರಾಳದಲ್ಲಿರುವ ದ್ರವ್ಯ. ಇವಲ್ಲದೆ ಬೋರ್ನಿಯೋಲ್ ಸಹ ಸ್ವಲ್ಪ ಇರುತ್ತದೆ. ಬೋರ್ನಿಯೊ ದ್ವೀಪದ ಮರದಿಂದ ಬರುತ್ತಿದ್ದ ಬೆಲೆಬಾಳುವ ಕರ್ಪೂರದ ಮುಖ್ಯಾಂಶ ಇದು. ಹೀಗೆ ಗಿಡವು ಪರದೇಶದ್ದಾದರೂ ಅದರ ಗಂಧದ ಅಂಶಗಳು ನಮಗೆ ಅಪರಿಚಿತವಲ್ಲ.

ಬೆಳೆದ ನೆಲವನ್ನು ಅನುಸರಿಸಿ ಘಟಕಗಳ ಪ್ರಮಾಣವು ಬದಲಾಗುತ್ತದೆ. ಮೊರಾಕೊ, ಟ್ಯುನೀಸಿಯ ನಾಡುಗಳ ತೈಲದಲ್ಲಿ ಸಿನಿಯೋಲ್ ನೂರಕ್ಕೆ ೩೮ರಿಂದ ೫೫ರವರೆಗೆ ಇರುತ್ತದೆ; ಸ್ಪೇನಿನದರಲ್ಲಿ ೧೬ರಿಂದ ೨೫ರವರೆಗೆ ಮಾತ್ರ, ಆದರೆ ಕರ್ಪೂರ ಹೆಚ್ಚು. ವರ್ಬಿನೋನ್ ಎಂಬ ಮತ್ತೊಂದು ದ್ರವ್ಯವು ಅಧಿಕವಾಗಿರುವ ತೈಲವೂ ಉಂಟು. ಆದುದರಿಂದ ಸೀಸೆಯ ಮೇಲಣ ಹೆಸರು ಒಂದೇ ಆದರೂ ಒಳಗಿನ ವಸ್ತುವಿನ ಗುಣವು ಒಂದೇ ಆಗಿರಬೇಕೆಂಬ ನಿಯಮವಿಲ್ಲ.

೬. ಗುಣೋಪಯೋಗಗಳ ವಿಮರ್ಶೆ

ಯೂರೋಪಿನಲ್ಲಿ ರೋಸ್‌ಮರಿಯನ್ನು ಮದ್ಯಸಾರದೊಡನೆ ಬಟ್ಟಿಯಿಳಿಸಿದ ‘ಹಂಗರಿಯ ರಾಣಿಯ ನೀರು’ ಬಹುಕಾಲ ಪ್ರಸಿದ್ಧವಾಗಿತ್ತು. ಅದರಿಂದ ವೃದ್ಧೆಯಾದ ರಾಣಿಯೊಬ್ಬಳು ಮತ್ತೆ ಯೌವನವನ್ನು ಪಡೆದಳೆಂಬುದು ಐತಿಹ್ಯ. ಐತಿಹ್ಯವನ್ನು ಐತಿಹ್ಯವೆಂದೇ ಇಟ್ಟುಕೊಂಡು, ಪರೀಕ್ಷೆಗೆ ಒಳಪಟ್ಟ ವಿಷಯಗಳನ್ನು ಮಾತ್ರ ಇಲ್ಲಿ ನೋಡೋಣ.

ಮೊದಲನೆಯದು ಕೇಶ. ನಮ್ಮ ವೈದ್ಯರು ಕೂದಲಿನ ವ್ಯಾಧಿಗಳನ್ನು ಖಾಲಿತ್ಯ, ಪಾಲಿತ್ಯ, ಇಂದ್ರಲುಪ್ತವೆಂದು ವಿಂಗಡಿಸಿದ್ದಾರೆ. ಕ್ರಮವಾಗಿ ಇವು ಬೊಕ್ಕತನ, ನರೆ, ಅಲ್ಲಲ್ಲಿ ದುಂಡಾಗಿ ಕೂದಲು ಉದುರುವಿಕೆ. ಈ ವಿಭಾಗವು ಇಲ್ಲಿ ಬಹಳ ಉಪಯೋಗಕ್ಕೆ ಬರುತ್ತದೆ. ೧೯೯೮ರಲ್ಲಿ ಸ್ಕಾಟ್ಲೆಂಡಿನಲ್ಲಿ ನಡೆದ ಪರೀಕ್ಷೆಯು ಇಂದ್ರಲುಪ್ತಕ್ಕೆ ಸಂಬಂಧಿಸಿದುದು. ಎಂಬತ್ತಾರು ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ರೋಸ್‌ಮರಿ, ಥೈಮ್, ಲ್ಯಾವೆಂಡರ್, ಸೀಡರ್ ಇವುಗಳ ತೈಲಗಳನ್ನು ಜಿಡ್ಡಿನ ಎಣ್ಣೆಯಲ್ಲಿ ಬೆರೆಸಿ ನಿತ್ಯವೂ ತಲೆಗೆ ತಿಕ್ಕಿಸಿದರು. ಇನ್ನೊಂದು ಗುಂಪಿಗೆ ಬರಿಯ ಜಿಡ್ಡಿನ ಎಣ್ಣೆ. ಏಳು ತಿಂಗಳಾದ ಮೇಲೆ ಮೊದಲ ಗುಂಪಿನಲ್ಲಿ ನೂರಕ್ಕೆ ೪೪ ಮಂದಿಗೂ ಎರಡನೆಯದರಲ್ಲಿ ನೂರಕ್ಕೆ ೧೫ ಮಂದಿಗೂ ಗುಣ ಕಂಡಿತು. ಫಲವು ಗಮನಾರ್ಹವಾದುದೇ, ಆದರೆ ನಾಲ್ಕು ತೈಲಗಳು ಕೂಡಿದ್ದುದರಿಂದ ರೋಸ್‌ಮರಿಯ ಪಾಲು ಎಷ್ಟೆಂದು ಹೇಳಲು ಬರುವುದಿಲ್ಲ.

೨೦೧೫ರಲ್ಲಿ ಇರಾನಿನ ವೈದ್ಯರು ಪ್ರಕಟಿಸಿದ ಪರೀಕ್ಷೆಯು ಖಾಲಿತ್ಯವನ್ನು ಕುರಿತದ್ದು. ನೂರು ಮಂದಿಯಲ್ಲಿ ಐವತ್ತು ಮಂದಿಗೆ ರೋಸ್‌ಮರಿಯ ತೈಲದಿಂದ ಸಿದ್ಧಪಡಿಸಿದ ಲೇಪದ್ರವವನ್ನೂ, ಉಳಿದ ಐವತ್ತು ಮಂದಿಗೆ ನೂರಕ್ಕೆ ಎರಡು ಪಾಲಿನ ಮಿನಾಕ್ಸಿಡಿಲ್ ಎಂಬ ಔಷಧವನ್ನೂ ಕೊಟ್ಟರು. ಮೂರು ತಿಂಗಳಿಗೆ ಎರಡು ಗುಂಪಿನಲ್ಲಿಯೂ ಹೇಳತಕ್ಕ ಬದಲಾವಣೆಯಾಗಲಿಲ್ಲ. ಆರು ತಿಂಗಳಿಗೆ ಎರಡರಲ್ಲಿಯೂ ಕೂದಲಿನ ಸಂಖ್ಯೆ ಹೆಚ್ಚಿತು. ಎರಡಕ್ಕೂ ತಾರತಮ್ಯ ಕಾಣಲಿಲ್ಲ. ನೆತ್ತಿಯ ನವೆಯು ಮಿನಾಕ್ಸಿಡಿಲ್ ಬಳಸಿದವರಲ್ಲಿ ಹೆಚ್ಚಾಗಿತ್ತು. ರೋಸ್‌ಮರಿಯ ಕೀರ್ತಿಗೆ ಮುಖ್ಯಾಧಾರವಾಗಿರುವುದು ಈ ಪರೀಕ್ಷೆಯೇ. ಇದರಲ್ಲಿ ಎರಡು ಕೊರತೆಗಳನ್ನು ಗಮನಿಸಬೇಕು: ಏನೂ ಔಷಧವಿಲ್ಲದ ಮೂರನೆಯ ಗುಂಪು ಇರಲಿಲ್ಲ; ಪರೀಕ್ಷಿತರ ಸಂಖ್ಯೆಯೂ ಅಲ್ಪ. ಆದುದರಿಂದ ‘ಗುಣವಿರಬಹುದು’ ಎಂಬಷ್ಟಕ್ಕೆ ಇದು ಪ್ರಮಾಣ. ‘ಬೊಕ್ಕತಲೆ ತುಂಬುವುದು’ ಎಂಬ ಮಾತಿಗೆ ಪ್ರಮಾಣವಲ್ಲ. ಫಲ ಕಾಣಲು ಆರು ತಿಂಗಳು ಬೇಕಾಯಿತೆಂಬುದನ್ನೂ, ನರೆಗೆ ಈ ಎರಡು ಪರೀಕ್ಷೆಗಳಲ್ಲಿ ಯಾವ ಆಧಾರವೂ ಇಲ್ಲವೆಂಬುದನ್ನೂ ಮರೆಯಬಾರದು.

ಎರಡನೆಯದು ನೋವು. ಸ್ನಾಯುಗಳ ಮತ್ತು ಕೀಲುಗಳ ಅಲ್ಪಸ್ವಲ್ಪ ನೋವಿಗೆ ರೋಸ್‌ಮರಿ ತೈಲವನ್ನು ಲೇಪದಲ್ಲಿ ಬೆರೆಸಿ ಹೊರಗಿನಿಂದ ಬಳಸುವುದನ್ನು ಯೂರೋಪಿನ ಔಷಧ ಪ್ರಾಧಿಕಾರವು ಬಹುಕಾಲದ ರೂಢಿಯ ಆಧಾರದ ಮೇಲೆ ಅಂಗೀಕರಿಸಿದೆ. ಅಜೀರ್ಣಕ್ಕೆ ಹೇಳಿರುವುದು ಎಲೆಯ ಕಷಾಯವನ್ನು. ಎಲೆಗೆ ಹೇಳಿದುದನ್ನು ತೈಲಕ್ಕೆ ಹೇಳಿದುದೆಂದು ತಿಳಿದು ಸೀಸೆಯ ದ್ರವ್ಯವನ್ನು ಕುಡಿಯುವುದು ಅಪಾಯಕರ.

ಮೂರನೆಯದು ಸ್ಮೃತಿ. ೨೦೦೩ರಲ್ಲಿ ಇಂಗ್ಲೆಂಡಿನಲ್ಲಿ ನೂರ ನಲವತ್ತನಾಲ್ಕು ಮಂದಿಯ ಮೇಲೆ ನಡೆದ ಪರೀಕ್ಷೆಯಲ್ಲಿ, ರೋಸ್‌ಮರಿಯ ಗಂಧವಿದ್ದ ಕೊಠಡಿಯಲ್ಲಿ ಕುಳಿತವರ ಸ್ಮರಣೆಯ ಗುಣವು ಹೆಚ್ಚಿತು, ಆದರೆ ವೇಗವು ತಗ್ಗಿತು. ಒಫೀಲಿಯಾಳ ಮಾತಿಗೆ ಇದೊಂದು ಕುತೂಹಲಕರವಾದ ವ್ಯಾಖ್ಯಾನವಾದೀತು. ಒಂದು ಕೊಠಡಿಯ ತತ್ಕಾಲದ ಫಲದಿಂದ ವಿದ್ಯಾರ್ಥಿಗಳ ಪಾಠವು ಕಂಠಸ್ಥವಾಗುವುದೆಂಬ ನಿರ್ಣಯಕ್ಕೆ ಬರಲಾಗದು.

ನಾಲ್ಕನೆಯದು ಆಹಾರರಕ್ಷಣೆ. ಜಿಡ್ಡುಪದಾರ್ಥಗಳು ಕಮಟಾಗದಂತೆ ರೋಸ್‌ಮರಿಯ ಸತ್ತ್ವವನ್ನು ಸೇರಿಸುವುದುಂಟು. ಆದರೆ ಆ ಕೆಲಸವನ್ನು ಮಾಡುವುದು ಕಾರ್ನೋಸಿಕ್ ಆಮ್ಲವೆಂಬ, ಆವಿಯೊಡನೆ ಏರದ ದ್ರವ್ಯ. ಬಟ್ಟಿಯಿಳಿಸಿದ ತೈಲದಲ್ಲಿ ಅದು ಬರುವುದಿಲ್ಲ. ಗಿಡದ ಗುಣಗಳೆಲ್ಲವನ್ನೂ ತೈಲದ ಗುಣಗಳೆಂದು ಎಣಿಸಬಾರದೆಂಬುದಕ್ಕೆ ಇದು ಉತ್ತಮ ನಿದರ್ಶನ.

೭. ಮಾತ್ರಾವಿಚಾರ

ಪ್ರಕೃತವಿಷಯದ ಮರ್ಮವು ಮಾತ್ರೆಯಲ್ಲಿದೆ. ಒಂದು ಕಿಲೋಗ್ರಾಂ ಒಣ ಎಲೆಯನ್ನು ಶಾರ್ಙ್ಗಧರನ ನಿಯಮದಂತೆ ಕಲ್ಕ ಮಾಡಿ ಪಾಕಕ್ಕಿಟ್ಟರೆ ಅದಕ್ಕೆ ನಾಲ್ಕು ಕಿಲೋಗ್ರಾಂ, ಎಂದರೆ ಸುಮಾರು ನಾಲ್ಕು ಲೀಟರ್ ಎಣ್ಣೆ ಬೇಕು. ಅದೇ ಎಲೆಯನ್ನು ಬಟ್ಟಿಯಿಳಿಸಿದರೆ, ನೂರಕ್ಕೆ ಒಂದರ ಲೆಕ್ಕದಲ್ಲಿ, ಹತ್ತು ಮಿಲಿಲೀಟರಿನ ಒಂದು ಸೀಸೆ ತುಂಬುತ್ತದೆ. ನಾಲ್ಕು ಲೀಟರಿನಲ್ಲಿ ಹರಡಬೇಕಾಗಿದ್ದ ಗಂಧವು ಹತ್ತು ಮಿಲಿಲೀಟರಿಗೆ ಇಳಿಯಿತೆಂದರೆ ಅದು ನಾನೂರು ಪಟ್ಟು ತೀಕ್ಷ್ಣವಾಯಿತು. ಪಾಕದಲ್ಲಿ ಆವಿಯಾಗಿ ಹೋಗುವ ಅಂಶವನ್ನು ಎಣಿಸಿದರೆ ಅಂತರ ಇನ್ನೂ ಹೆಚ್ಚು. ಪಾಕತೈಲವನ್ನು ಅಂಗೈ ತುಂಬ ಹಚ್ಚಿಕೊಳ್ಳುವ ಅಭ್ಯಾಸವನ್ನೇ ಸೀಸೆಯ ತೈಲಕ್ಕೂ ಅನ್ವಯಿಸಿದರೆ ಆಗುವ ಅನರ್ಥವು ಈ ಗಣಿತದಿಂದಲೇ ವ್ಯಕ್ತವಾಗುತ್ತದೆ. ಚರ್ಮವು ಉರಿದು ಕೆಂಪಾಗುವುದು, ಗುಳ್ಳೆಯೇಳುವುದು, ಉಳಿಸಿಕೊಳ್ಳಬೇಕೆಂದಿದ್ದ ಕೂದಲೇ ನೆತ್ತಿಯ ಉರಿಯಿಂದ ಉದುರುವುದು ಇವೆಲ್ಲ ಸಂಭವನೀಯ.

ಸಾಮಾನ್ಯವಾಗಿ ತಲೆಗೆ ಹಚ್ಚುವ ಎಣ್ಣೆಯಲ್ಲಿ ಈ ತೈಲವು ನೂರಕ್ಕೆ ಎರಡು ಪಾಲನ್ನು ಮೀರಬಾರದೆಂದು ಹೇಳುತ್ತಾರೆ. ನೂರು ಮಿಲಿಲೀಟರ್ ಕೊಬ್ಬರಿ ಎಣ್ಣೆಗೆ ಎರಡು ಮಿಲಿಲೀಟರ್, ಎಂದರೆ ಸುಮಾರು ನಲವತ್ತು ಹನಿ. ಒಂದು ದೊಡ್ಡ ಚಮಚ ಎಣ್ಣೆಗೆ ಆರು ಹನಿ. ಇದೂ ಶಾಸ್ತ್ರೋಕ್ತ ಕಲ್ಕದ ಪ್ರಮಾಣಕ್ಕಿಂತ ಎಂಟರಷ್ಟು ತೀಕ್ಷ್ಣವೇ ಆದುದರಿಂದ ಇನ್ನೂ ಕಡಮೆಯಿಂದ ಪ್ರಾರಂಭಿಸುವುದು ಮೇಲು. ಮೊದಲು ಮೊಳಕೈಯ ಒಳಮಗ್ಗ��ಲಿಗೆ ಸ್ವಲ್ಪ ಹಚ್ಚಿ ಒಂದು ದಿನ ಕಾದು ನೋಡಬೇಕು. ಕಣ್ಣಿಗೆ ತಗುಲಿಸಬಾರದು. ಮೂರ್ಛೆರೋಗವುಳ್ಳವರೂ ಗರ್ಭಿಣಿಯರೂ ವೈದ್ಯರನ್ನು ಕೇಳದೆ ಬಳಸಬಾರದು. ಶಿಶುಗಳ ಮುಖದ ಬಳಿಗೆ ತರಲೇಬಾರದು. ಇದರಲ್ಲಿರುವ ಕರ್ಪೂರವು ಹೊಟ್ಟೆಗೆ ಹೋದರೆ ಸೆಳವನ್ನುಂಟುಮಾಡಬಲ್ಲದು. ಬೆಂಕಿ ಬೇಗ ಹತ್ತುವ ದ್ರವ್ಯವಾದ್ದರಿಂದ ಒಲೆಯ ಬಳಿಯಲ್ಲಿಯೂ ದೀಪದ ಬಳಿಯಲ್ಲಿಯೂ ಇಡತಕ್ಕದ್ದಲ್ಲ. ಬಿಸಿಲಿಗೂ ಗಾಳಿಗೂ ತೆರೆದಿಟ್ಟರೆ ಕೆಟ್ಟು ಚರ್ಮಕ್ಕೆ ಇನ್ನಷ್ಟು ತೀಕ್ಷ್ಣವಾಗುವುದರಿಂದ ಬಣ್ಣದ ಗಾಜಿನ ಸೀಸೆಯಲ್ಲಿ ಬಿಗಿಯಾಗಿ ಮುಚ್ಚಿ ತಂಪಾದ ಕಡೆಯಲ್ಲಿ ಇಡಬೇಕು.

೮. ನಮ್ಮ ನಾಡಿನ ಬಾಷ್ಪತೈಲಗಳು

ಇಂತಹ ತೈಲವು ಕನ್ನಡ ನಾಡಿಗೆ ಹೊಸ ವಸ್ತುವೆಂದು ಭಾವಿಸಬೇಕಾಗಿಲ್ಲ. ೧೭೯೨ರಲ್ಲಿ ಟಿಪ್ಪು ಸುಲ್ತಾನನು ಶ್ರೀಗಂಧವನ್ನು ರಾಜವೃಕ್ಷವೆಂದು ಸಾರಿದನು. ಆಗ ರಾಜಧಾನಿಯಾಗಿದ್ದುದು ಈ ಸೀಮೆಯದೇ ಆದ ಶ್ರೀರಂಗಪಟ್ಟಣ. ಬಹುಕಾಲ ಮೈಸೂರಿನ ಗಂಧದ ಕೊರಡು ಪರದೇಶಗಳಿಗೆ ಹೋಗಿ ಅಲ್ಲಿ ತೈಲವಾಗುತ್ತಿತ್ತು. ೧೯೧೪ರಲ್ಲಿ ಮೊದಲನೆಯ ಮಹಾಯುದ್ಧ ಪ್ರಾರಂಭವಾಗಿ ಜರ್ಮನಿಯ ವ್ಯಾಪಾರ ನಿಂತಾಗ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ದಿವಾನ್ ವಿಶ್ವೇಶ್ವರಯ್ಯನವರ ಕಾಲದಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಡ್‌ಬರೊ ಮತ್ತು ವಾಟ್ಸನ್ ಎಂಬ ರಸಾಯನಜ್ಞರು ತೈಲವನ್ನು ಇಲ್ಲಿಯೇ ತೆಗೆಯುವ ಕ್ರಮವನ್ನು ಸಿದ್ಧಪಡಿಸಿದರು. ೧೯೧೬ರಲ್ಲಿ ಬೆಂಗಳೂರಿನಲ್ಲಿಯೂ ಮರುವರ್ಷ ಮೈಸೂರಿನಲ್ಲಿಯೂ ಈ ಕೆಲಸ ಪ್ರಾರಂಭವಾಯಿತು. ಆ ತೈಲದಲ್ಲಿ ನೂರಕ್ಕೆ ತೊಂಬತ್ತರಷ್ಟು ಸ್ಯಾಂಟಲಾಲ್ ಎಂಬ ಭಾರವಾದ ದ್ರವ್ಯವಿರುವುದರಿಂದ ಅದರ ಪರಿಮಳವು ನಿಧಾನವಾಗಿ ಹೊರಟು ಬಹುಕಾಲ ನಿಲ್ಲುತ್ತದೆ. ರೋಸ್‌ಮರಿಯದು ಬೇಗ ಎದ್ದು ಬೇಗ ಆರುವ ಪರಿಮಳ.

ದವನದಿಂದಲೂ ಕರ್ನಾಟಕದಲ್ಲಿ ಬಾಷ್ಪತೈಲವನ್ನು ತೆಗೆಯುತ್ತಾರೆ. ದವನೋನ್ ಎಂಬ ಅದರ ಮುಖ್ಯದ್ರವ್ಯವು ನಮ್ಮ ಶಬ್ದವನ್ನೇ ಲೋಕದ ರಸಾಯನಶಾಸ್ತ್ರಕ್ಕೆ ಒಯ್ದಿದೆ. ಸಂತೆಯಲ್ಲಿ ಮಾಲೆಗೆ ಕಟ್ಟಿ ಮಾರುವ ಸೊಪ್ಪು ಸುಗಂಧದ್ರವ್ಯಗಳ ಪರದೇಶದ ಪೇಟೆಯಲ್ಲಿ ಬೆಲೆಯನ್ನು ಪಡೆದಿರುವುದನ್ನು ನೋಡಿದರೆ, ರೋಸ್‌ಮರಿಯನ್ನು ಕೊಳ್ಳುವವರು ತಮ್ಮ ಹಿತ್ತಿಲ ಗಿಡಗಳನ್ನೂ ಒಮ್ಮೆ ಆದರದಿಂದ ನೋಡಬೇಕೆನಿಸುತ್ತದೆ.

೯. ಉಪಸಂಹಾರ

ಇಷ್ಟು ವಿಚಾರದಿಂದ ಸಿದ್ಧವಾಗುವುದೇನೆಂದರೆ: ರೋಸ್‌ಮರಿಯ ತೈಲವು ನಿರ್ಗುಣವಾದುದಲ್ಲ, ಸರ್ವೌಷಧವೂ ಅಲ್ಲ. ಕೇಶದ ವಿಷಯದಲ್ಲಿ ಆಶಾಜನಕವಾದ, ಆದರೆ ಅಲ್ಪವಾದ ಪ್ರಮಾಣವಿದೆ. ನೋವಿನ ಲೇಪದಲ್ಲಿ ರೂಢಿಯ ಬೆಂಬಲವಿದೆ. ಮಾತ್ರೆ ಮೀರಿದರೆ ಕೇಡಿದೆ.

ಇನ್ನು ಹೆಸರಿನ ಮಾತು. ‘ಅಗತ್ಯ ತೈಲ’ವೆಂಬುದು ತಪ್ಪು ಅನುವಾದ. ಇಂಗ್ಲಿಷಿನ ಮೂಲಶಬ್ದವು ‘ಸತ್ತ್ವರೂಪವಾದ’ ಎಂಬ ಅರ್ಥದ್ದೇ ಹೊರತು ‘ಬೇಕೇ ಬೇಕಾದ’ ಎಂಬ ಅರ್ಥದ್ದಲ್ಲ. ‘ಅಗತ್ಯ’ವೆಂದು ಓದಿದವನು ಇದಿಲ್ಲದೆ ಬಾಳು ಸಾಗದೆಂದು ತಿಳಿದಾನು. ‘ಸಾರಭೂತ ತೈಲ’ವು ಅರ್ಥದಲ್ಲಿ ಸರಿಯಾದರೂ ಬಳಸುವವನಿಗೆ ಎಚ್ಚರಿಕೆಯನ್ನು ಕೊಡುವುದಿಲ್ಲ. ‘ಸುಗಂಧತೈಲ’ವೆಂದರೆ ಹೂವಿನಲ್ಲಿ ವಾಸಿಸಿದ ಎಳ್ಳೆಣ್ಣೆಯೂ ಆಗಬಹುದು. ‘ಗಂಧಸಾರ’ವೆಂಬುದು ಅಮರಕೋಶದಲ್ಲಿ ಶ್ರೀಗಂಧಕ್ಕೇ ಮೀಸಲಾಗಿದೆ. ಆದುದರಿಂದ ಈ ಲೇಖನದಲ್ಲಿ ಬಳಸಿರುವ ‘ಬಾಷ್ಪತೈಲ’ವೆಂಬುದನ್ನು ವಿದ್ವಾಂಸರು ಪರಿಶೀಲಿಸಬೇಕೆಂದು ಪ್ರಾರ್ಥನೆ. ಆವಿಯಿಂದ ಬಂದುದು, ಆವಿಯಾಗಿ ಹೋಗುವುದು ಎಂಬ ಎರಡು ಲಕ್ಷಣಗಳನ್ನೂ ಆ ಹೆಸರು ಹೇಳುತ್ತದೆ. ಆಡುಮಾತಿನಲ್ಲಿ ‘ಆವಿಯೆಣ್ಣೆ’ ಎಂದರೂ ಸಲ್ಲುತ್ತದೆ. ಶಾಲೆಯಲ್ಲಿ ಕನ್ನಡವನ್ನು ಕಲಿಸುವವರು ಎಣ್ಣೆ, ತೈಲ, ಅರ್ಕ, ಆವಿಯೆಣ್ಣೆ ಇವುಗಳ ಭೇದವನ್ನು ಒಂದು ದಿನ ಹೇಳಿಕೊಟ್ಟರೆ, ಆ ಪಾಠವು ಮಕ್ಕಳ ಮೂಲಕ ಮನೆಯವರೆಗೆ ಹೋಗುತ್ತದೆ. ಸೀಸೆಯ ಮುಚ್ಚಳವನ್ನು ತೆರೆಯುವ ಕೈಯು ಸೊಲ್ಲಿಗೆಯ ಅಳತೆಯನ್ನು ಬಿಟ್ಟು ಹನಿಯನ್ನು ಎಣಿಸಲು ಕಲಿಯುತ್ತದೆ.